ಮೆಟ್ಟಿಲ ಬುಡದ ಮನೆ

ಸಾಸಿವೆ ಚಟಪಟ ಎಂದದ್ದೇ ತಡ, ಸೀಲಿಂಗಿನಲ್ಲಿದ್ದ ಸ್ಮೋಕ್ ಅಲಾರ್ಮ್ ಕಿವಿ ಕಿತ್ತುಹೋಗುವಂತೆ ಕೂಗತೊಡಗಿತು. ಒಬ್ಬ ಹೋಗಿ ಕಿಟಕಿ ತೆರೆದ. ಇನ್ನೊಬ್ಬ ಕುರ್ಚಿ ಹತ್ತಿ ಅಲಾರ್ಮಿನ ಕೆಳಗೆ ಟವೆಲ್ ಬೀಸಿದ. ಬಾಣಲೆ ಹಿಡಿದವನು ಅದನ್ನು ಒಲೆಯಿಂದ ಪಕ್ಕಕ್ಕೆ ಸರಿಸಿದ. ನಾಲ್ಕನೆಯವನು ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಲೇ ಇದ್ದ. ಅರ್ಧ ನಿಮಿಷದಲ್ಲಿ ಕೂಗು ನಿಂತಿತು, ಸಾರಿಗೆ ಒಗ್ಗರಣೆ ಬಿತ್ತು. ಯಾರೂ ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಕಣದಲ್ಲಿ ರಾಗಿ ಹರಡಿದ್ದಾಗ ಮಳೆ ಹನಿ ಬಿದ್ದರೆ ಮನೆಮಂದಿಯೆಲ್ಲ ಮಾತಿಲ್ಲದೆ ಚೀಲ ಹಿಡಿದು ಓಡುತ್ತಿದ್ದುದು ನನಗೆ ನೆನಪಾಯಿತು. ಅಷ್ಟು ಹೊಂದಿಕೆ ಬರಲು ನಮ್ಮ ಮನೆಗಳಲ್ಲಿ ವರ್ಷಗಳೇ ಹಿಡಿಯುತ್ತಿದ್ದವು. ಈ ನಾಲ್ವರು ಒಬ್ಬರನ್ನೊಬ್ಬರು ಮೊದಲ ಸಲ ಕಂಡು ಆಗಿದ್ದದ್ದು ಹತ್ತೇ ವಾರ.

ಅದು ಅಮೆರಿಕದ ನಡುಭಾಗದ, ವಿಶ್ವವಿದ್ಯಾಲಯವೇ ಊರಾಗಿರುವಂಥ ಒಂದು ಸಣ್ಣ ಊರು. ತಂಗಿಯ ಮಗ ಎಂ.ಎಸ್. ಓದಲು ಅಲ್ಲಿಗೆ ಹೋಗಿದ್ದ; ನಾನು ಬೇರೆ ಕೆಲಸಕ್ಕೆ ಆ ಕಡೆ ಹೋದವನು ಅಕ್ಟೋಬರ್ ಕೊನೆಯಲ್ಲಿ ನಾಲ್ಕು ದಿನ ಅವನ ಬಳಿ ಉಳಿದೆ. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಹುಡುಗರು: ನಮ್ಮವನು ತುಮಕೂರಿನವನು, ಒಬ್ಬ ವಿಜಯವಾಡದವನು, ಒಬ್ಬ ಪುಣೆಯವನು, ಒಬ್ಬ ಕೊಯಮತ್ತೂರಿನವನು. ವಿಮಾನ ಹತ್ತುವ ಮೊದಲೇ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಸಿಕ್ಕು, ಬಾಡಿಗೆ ಉಳಿಸಲು ಒಟ್ಟಾದವರು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಸೋಮವಾರದಿಂದ ಭಾನುವಾರದವರೆಗೆ ಯಾರ ಅಡುಗೆ, ಯಾರು ಪಾತ್ರೆ ತೊಳೆಯಬೇಕು, ಯಾರು ಕಸ ಹಾಕಬೇಕು ಎಂಬುದೆಲ್ಲ ಅದರಲ್ಲಿತ್ತು. ಪರೀಕ್ಷೆಯಿದ್ದವನ ಸರದಿಯನ್ನು ಹೊಡೆದುಹಾಕಿ ಪೆನ್ಸಿಲಿನಲ್ಲಿ ಬೇರೆಯವನ ಹೆಸರು ಬರೆದಿದ್ದರು. ಅಂಥ ತಿದ್ದುಪಡಿಗಳೇ ಆ ಹಾಳೆಯ ತುಂಬ.

ಆ ರಾತ್ರಿ ತಂಗಿ ಫೋನ್ ಮಾಡಿದಳು. “ಅಣ್ಣಾ, ಇಷ್ಟೊಂದು ಸಾಲ ಮಾಡಿ ಕಳಿಸಿದ್ದು ಅಲ್ಲೂ ಅನ್ನ ಸಾರು ತಿಂದ್ಕೊಂಡು ನಮ್ಮೋರ ಜೊತೆಗೇ ಇರಲಿ ಅಂತಲಾ? ಆ ದೇಶದೋರ ಪರಿಚಯ ಆಗ್ಬೇಡ್ವಾ? ನೀನಾದ್ರೂ ಸ್ವಲ್ಪ ಹೇಳು.”

ಹೇಳಲು ನನಗೆ ಮನಸ್ಸಾಗಲಿಲ್ಲ. ಅವಳ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ವಿದೇಶಿ ವಿದ್ಯಾರ್ಥಿಗಳು ತಮ್ಮವರ ಜೊತೆಗೇ ಗುಂಪು ಕಟ್ಟಿಕೊಳ್ಳುತ್ತಾರೆ ಎಂಬ ದೂರು ಹಳೆಯದು. ಅಲ್ಲಿನ ಅಧ್ಯಾಪಕರೂ ಹೇಳುತ್ತಾರೆ, ಇಲ್ಲಿನ ತಾಯಂದಿರೂ ಹೇಳುತ್ತಾರೆ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಚೀನಾವನ್ನೂ ಹಿಂದೆ ಹಾಕಿ ನಾವೇ ಮೊದಲಾದೆವು. ಅಷ್ಟು ಮನೆಗಳಲ್ಲಿ ಈ ಪ್ರಶ್ನೆ ಎದ್ದಿರುತ್ತದೆ. ಆದರೆ ಆ ದೂರಿನ ಅಡಿಯಲ್ಲಿ ಒಂದು ನಂಬಿಕೆ ಇದೆ. ಸ್ನೇಹವೆಂದರೆ ಸ್ವಭಾವದ ಮಾತು, ಮನಸ್ಸು ಮಾಡಿದರೆ ಯಾರನ್ನು ಬೇಕಾದರೂ ಹತ್ತಿರ ಮಾಡಿಕೊಳ್ಳಬಹುದು, ಮಾಡಿಕೊಳ್ಳದವನಿಗೆ ಸಂಕೋಚ ಇಲ್ಲವೇ ಸಂಕುಚಿತ ಬುದ್ಧಿ ಎಂಬ ನಂಬಿಕೆ. ಎಪ್ಪತ್ತು ವರ್ಷಗಳಿಗೂ ಮಿಕ್ಕಿದ ಸಂಶೋಧನೆ ಹೇಳುವುದು ಬೇರೆ. ಸ್ನೇಹದಲ್ಲಿ ಸ್ವಭಾವಕ್ಕಿಂತ ಬಾಗಿಲು, ಮೆಟ್ಟಿಲು ಮತ್ತು ಗಡಿಯಾರದ ಪಾತ್ರ ದೊಡ್ಡದು.

ಬಾಗಿಲಿನಿಂದಲೇ ಶುರುಮಾಡೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ಮರಳಿದ ಸಾವಿರಾರು ಯುವಕರು ಅಮೆರಿಕದ ಕಾಲೇಜುಗಳಿಗೆ ಸೇರಿದರು. ಮದುವೆಯಾಗಿದ್ದ ಅಂಥ ವಿದ್ಯಾರ್ಥಿಗಳಿಗಾಗಿ ಬಾಸ್ಟನ್ ಪಕ್ಕದ ಎಂಐಟಿ ಸಂಸ್ಥೆ ವೆಸ್ಟ್‌ಗೇಟ್ ಎಂಬ ವಸತಿ ಸಮುಚ್ಚಯ ಕಟ್ಟಿತು. ಅದರ ಒಂದು ಭಾಗದಲ್ಲಿ ಎರಡಂತಸ್ತಿನ 17 ಕಟ್ಟಡಗಳು. ಒಂದೊಂದರಲ್ಲೂ ಕೆಳಗೆ ಐದು, ಮೇಲೆ ಐದು ಮನೆ. ಯಾರಿಗೂ ಮನೆ ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಪಟ್ಟಿಯಲ್ಲಿ ಸರದಿ ಬಂದಾಗ ಖಾಲಿ ಇದ್ದ ಮನೆ ಸಿಗುತ್ತಿತ್ತು. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ ಎಂಬ ಮೂವರು ಮನಶ್ಶಾಸ್ತ್ರಜ್ಞರಿಗೆ ಇದು ತಾನಾಗಿ ಒದಗಿದ ಪ್ರಯೋಗಶಾಲೆಯಾಯಿತು. ಇಲ್ಲಿ ನೀವು ಹೆಚ್ಚಾಗಿ ಒಡನಾಡುವುದು ಯಾರ ಜೊತೆ ಎಂದು ಅವರು ಮನೆಮನೆಗೆ ಹೋಗಿ ಕೇಳಿದರು. 1950ರಲ್ಲಿ ಫಲಿತಾಂಶ ಪುಸ್ತಕವಾಗಿ ಬಂತು.

ಒಂದೇ ಅಂತಸ್ತಿನಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೇಳಿದವರು ಶೇ. 41. ಒಂದು ಬಾಗಿಲು ಬಿಟ್ಟು ಆಚೆಯವರಾದರೆ ಶೇ. 22. ಸಾಲಿನ ಈ ತುದಿಯಿಂದ ಆ ತುದಿಗೆ ಬರೀ ಶೇ. 10. ಪಕ್ಕದ ಬಾಗಿಲಿಗೂ ಕೊನೆಯ ಬಾಗಿಲಿಗೂ ನಡುವೆ ಇದ್ದ ದೂರವಾದರೂ ಎಷ್ಟು? ಪಕ್ಕದ್ದು 19 ಅಡಿ, ಕೊನೆಯದು 88 ಅಡಿ. ನಮ್ಮ ಹಳ್ಳಿಯ ಜಗಲಿಯಿಂದ ಬಾವಿಕಟ್ಟೆಗೆ ಇರುವಷ್ಟು ದೂರ ಅದು. ಅಷ್ಟರಲ್ಲೇ ಸ್ನೇಹ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿದಿತ್ತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕೆಳಗಿನ ಅಂತಸ್ತಿನಲ್ಲಿದ್ದವರಿಗೆ ಮೇಲಿನವರ ಪರಿಚಯ ಸಾಮಾನ್ಯವಾಗಿ ಕಡಿಮೆ. ಆದರೆ ಮೆಟ್ಟಿಲ ಬುಡದಲ್ಲಿದ್ದ ಮನೆಯವರಿಗೆ ಮಾತ್ರ ಮೇಲಿನ ಅಂತಸ್ತಿನಲ್ಲಿ ಸ್ನೇಹಿತರು ಹೆಚ್ಚು. ಮೇಲಿನವರು ಇಳಿಯುವಾಗ ಹತ್ತುವಾಗ ಆ ಬಾಗಿಲ ಮುಂದೆಯೇ ಹಾಯಬೇಕು. ಅಂಚೆಪೆಟ್ಟಿಗೆಗಳೂ ಒಂದು ಮೆಟ್ಟಿಲ ಪಕ್ಕದಲ್ಲೇ ಇದ್ದವು. ಮೆಟ್ಟಿಲ ಬುಡದ ಮನೆಯವರು ಬೇರೆಯವರಿಗಿಂತ ಮಾತುಗಾರರೇನಲ್ಲ, ಒಳ್ಳೆಯವರೇನೂ ಅಲ್ಲ. ಪಟ್ಟಿಯ ಸರದಿ ಅವರನ್ನು ಅಲ್ಲಿ ಕೂರಿಸಿತ್ತು, ಅಷ್ಟೆ.

ಜರ್ಮನಿಯ ಲೈಪ್‌ಝಿಗ್‌ನಲ್ಲಿ ಮಿತ್ಯಾ ಬ್ಯಾಕ್ ಮತ್ತು ಸಂಗಡಿಗರು ಇದನ್ನು ಇನ್ನೂ ಕಿರಿದು ಮಾಡಿ ನೋಡಿದರು. ಹೊಸದಾಗಿ ಸೇರಿದ 54 ವಿದ್ಯಾರ್ಥಿಗಳಿಗೆ ಮೊದಲ ದಿನ ಚೀಟಿ ಎತ್ತಿದಂತೆ ಕುರ್ಚಿ ಹಂಚಿದರು. ಒಂದು ವರ್ಷದ ನಂತರ ವಿಚಾರಿಸಿದಾಗ, ಆ ದಿನ ಅಕ್ಕಪಕ್ಕ ಕೂತಿದ್ದವರ ನಡುವೆ ಸ್ನೇಹ ಮಿಕ್ಕವರಿಗಿಂತ ಗಾಢವಾಗಿತ್ತು. 2008ರಲ್ಲಿ ಇದು ಪ್ರಕಟವಾಯಿತು.

ಈಗ ಗಡಿಯಾರದ ವಿಷಯ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಹೊಸ ಊರಿಗೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಕೇಳಿ, ಪರಿಚಯ ಸ್ನೇಹವಾಗಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದರು. ಮುಖ ಪರಿಚಯ ಬರಿಯ ಒಡನಾಟವಾಗಲು ಸುಮಾರು 50 ಗಂಟೆ. ಸ್ನೇಹಿತ ಎನ್ನಲು ಸುಮಾರು 90 ಗಂಟೆ. ಆಪ್ತ ಎನ್ನಲು 200 ಗಂಟೆಗೂ ಹೆಚ್ಚು. ಜೊತೆಗೆ ಇನ್ನೊಂದನ್ನೂ ಅವರು ಕಂಡರು: ತರಗತಿಯಲ್ಲೋ ಕೆಲಸದಲ್ಲೋ ಒಟ್ಟಿಗೆ ಇದ್ದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಕೆಲಸವಿಲ್ಲದೆ ಜೊತೆಗೆ ಕೂತ ಹೊತ್ತೇ ಸ್ನೇಹವನ್ನು ಬೆಳೆಸುವುದು.

ಈ ಲೆಕ್ಕವನ್ನು ಆ ಅಡುಗೆಮನೆಗೆ ತಂದು ನೋಡಿ. ರಾತ್ರಿ ತರಕಾರಿ ಹೆಚ್ಚಿ, ಬೇಯಿಸಿ, ಉಂಡು, ಪಾತ್ರೆ ತೊಳೆಯುವುದಕ್ಕೆ ದಿನಕ್ಕೆ ಎರಡು ಗಂಟೆ ಎನ್ನಿ. ಆಗಸ್ಟ್ ನಡುವಿನಲ್ಲಿ ಬಂದ ಹುಡುಗರಿಗೆ ನೂರು ದಿನಕ್ಕೆ ಇನ್ನೂರು ಗಂಟೆ ತುಂಬುತ್ತದೆ. ಅಂದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಅವರು ಆಪ್ತರು. ಇದರಲ್ಲಿ ಭಾನುವಾರ ಒಂದೇ ಕಾರಿನಲ್ಲಿ ಇಂಡಿಯನ್ ಸ್ಟೋರ್‌ಗೆ ಹೋಗಿ ತೊಗರಿಬೇಳೆ, ಸೋನಾ ಮಸೂರಿ ಅಕ್ಕಿ ಹೊತ್ತು ತರುವ ಹೊತ್ತು ಸೇರಿಲ್ಲ. ಅದೇ ತರಗತಿಯಲ್ಲಿ ಪಕ್ಕ ಕೂರುವ ಅಮೆರಿಕದ ಹುಡುಗನ ಲೆಕ್ಕ ನೋಡಿ. ಒಂದು ಕೋರ್ಸಿಗೆ ವಾರಕ್ಕೆ ಮೂರು ಗಂಟೆ, ಸೆಮಿಸ್ಟರಿಗೆ ಹದಿನೈದು ವಾರ. ಒಟ್ಟು 45 ಗಂಟೆ. ಅದೂ ಇಬ್ಬರೂ ಬಾಯಿ ಮುಚ್ಚಿಕೊಂಡು ಪ್ರೊಫೆಸರ ಪಾಠ ಕೇಳುವ ಹೊತ್ತು. ಸೆಮಿಸ್ಟರ್ ಮುಗಿದಾಗ ಇವರು ಒಡನಾಟದ ಹೊಸಿಲನ್ನೂ ದಾಟಿರುವುದಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಕೋರ್ಸೇ ಬೇರೆ, ಪಕ್ಕದವನೇ ಬೇರೆ. ನನ್ನ ಸೋದರಳಿಯ ಯಾರನ್ನೂ ದೂರ ಇಟ್ಟಿರಲಿಲ್ಲ. ಅವನ ದಿನದ ಗಂಟೆಗಳು ಎಲ್ಲಿ ಕಳೆದವೋ ಅಲ್ಲಿ ಅವನ ಸ್ನೇಹ ಬೇರು ಬಿಟ್ಟಿತ್ತು.

ಹಾಗಾದರೆ ‘ನಮ್ಮವರು’ ಎಂಬ ಸೆಳೆತವೇ ಇಲ್ಲವೆ? ಇದೆ. ತನ್ನಂಥವರತ್ತ ವಾಲುವ ಈ ಗುಣಕ್ಕೆ ಪಾಲ್ ಲಾಝರ್ಸ್‌ಫೆಲ್ಡ್ ಮತ್ತು ರಾಬರ್ಟ್ ಮರ್ಟನ್ 1954ರಲ್ಲಿ ಹೋಮೋಫಿಲಿ ಎಂದು ಹೆಸರಿಟ್ಟರು. ಆದರೆ ಅದು ನಾವು ತಿಳಿದಷ್ಟು ಜೋರಾದ ಸೆಳೆತವಲ್ಲ. ಸಣ್ಣದು ಪದೇ ಪದೇ ಕೂಡಿಕೊಂಡು ದೊಡ್ಡದಾಗುವಂಥದ್ದು. ಗುಯೋರ್ಗಿ ಕೊಸಿನೆಟ್ಸ್ ಮತ್ತು ಡಂಕನ್ ವಾಟ್ಸ್ ಅಮೆರಿಕದ ಒಂದು ದೊಡ್ಡ ವಿಶ್ವವಿದ್ಯಾಲಯದ 43,553 ಜನರ ಇಮೇಲ್ ಓಡಾಟವನ್ನು, ಒಳಗಿನ ಬರಹ ಓದದೆ, ಯಾರಿಂದ ಯಾರಿಗೆ ಹೋಯಿತು ಎಂಬುದನ್ನಷ್ಟೇ ಇಟ್ಟುಕೊಂಡು ಒಂದು ವರ್ಷದುದ್ದಕ್ಕೂ ಹಿಂಬಾಲಿಸಿದರು. ಇಬ್ಬರಿಗೆ ಸಾಮಾನ್ಯ ಪರಿಚಯದವರು ಒಬ್ಬರಿದ್ದರೆ ಅವರಿಬ್ಬರ ನಡುವೆ ಹೊಸ ನಂಟು ಹುಟ್ಟುವ ಸಾಧ್ಯತೆ ಬಹಳ ಹೆಚ್ಚು. ಒಂದೇ ತರಗತಿಯಲ್ಲಿದ್ದರೂ ಹಾಗೆಯೇ. ಮೊದಲ ಹೆಜ್ಜೆಯಲ್ಲಿ ನಮ್ಮಂಥವರತ್ತ ಒಂದಿಷ್ಟು ವಾಲಿದರೆ, ಎರಡನೇ ಹೆಜ್ಜೆಗೆ ಸಿಗುವವರು ಅವರ ಸ್ನೇಹಿತರು, ಅವರೂ ನಮ್ಮಂಥವರೇ. ಹೀಗೆ ಸುತ್ತು ಸುತ್ತಿದಂತೆ ಮೂಲದ ಸಣ್ಣ ಒಲವು ದೊಡ್ಡ ಗೋಡೆಯಾಗಿ ಕಾಣುತ್ತದೆ. ಹೊರಗಿನಿಂದ ನೋಡಿದವರಿಗೆ ಗೋಡೆ ಕಾಣುತ್ತದೆಯೇ ಹೊರತು ಅದನ್ನು ಕಟ್ಟಿದ ಸಣ್ಣ ಸಣ್ಣ ಹೆಜ್ಜೆಗಳು ಕಾಣುವುದಿಲ್ಲ.

‘ನಮ್ಮವರು’ ಎಂಬ ಮಾತೇ ಅಲ್ಲಿ ಹಿಗ್ಗುವುದನ್ನು ಗಮನಿಸಬೇಕು. ಆ ಮನೆಯಲ್ಲಿ ಕನ್ನಡ ಮಾತಾಡುವವನು ನನ್ನ ಸೋದರಳಿಯ ಒಬ್ಬನೇ. ಅವನ ಕನ್ನಡವೆಲ್ಲ ಅಮ್ಮನ ಫೋನಿಗೆ ಮೀಸಲು. ಉಳಿದ ಹೊತ್ತು ಇಂಗ್ಲಿಷು, ಮುರುಕು ಹಿಂದಿ, ವಿಜಯವಾಡದವನಿಂದ ಕಲಿತ ತೆಲುಗು. ತುಮಕೂರಿನಲ್ಲೇ ಇದ್ದಿದ್ದರೆ ಕೊಯಮತ್ತೂರಿನ ಹುಡುಗನನ್ನು ಅವನು ನಮ್ಮವನು ಎನ್ನುತ್ತಿದ್ದನೆ? ಸುತ್ತಲಿನವರಿಂದ ನಮ್ಮನ್ನು ಯಾವುದು ಬೇರೆ ಮಾಡುತ್ತದೋ ಅದೇ ನಮ್ಮ ಗುರುತಾಗಿ ಮೇಲೆ ಬರುತ್ತದೆ ಎಂದು ಮನಶ್ಶಾಸ್ತ್ರಜ್ಞ ವಿಲಿಯಂ ಮೆಗ್ವಾಯರ್ ಶಾಲೆಯ ಮಕ್ಕಳನ್ನು ಮಾತಾಡಿಸಿ 1978ರಲ್ಲಿ ತೋರಿಸಿದ್ದರು. ತರಗತಿಯಲ್ಲಿ ಕಡಿಮೆ ಸಂಖ್ಯೆಯಲ್ಲಿದ್ದ ಜನಾಂಗದ ಮಕ್ಕಳೇ, ನಿನ್ನ ಬಗ್ಗೆ ಹೇಳು ಎಂದಾಗ ತಮ್ಮ ಜನಾಂಗದ ಹೆಸರನ್ನು ಹೆಚ್ಚಾಗಿ ಎತ್ತುತ್ತಿದ್ದರು. ಬೆಂಗಳೂರಿನಲ್ಲಿ ತಮಿಳ, ತೆಲುಗ ಎಂದು ಬೇರೆಯಾದವರು ಅಲ್ಲಿ ಇಂಡಿಯನ್ ಆಗುತ್ತಾರೆ. ಕ್ರಿಕೆಟ್ ಆಡುವ ಮೈದಾನದಲ್ಲಿ ಲಾಹೋರಿನವನೂ ಢಾಕಾದವನೂ ಕಾಠ್ಮಂಡುವಿನವನೂ ಸೇರಿ ದೇಸಿ ಆಗುತ್ತಾರೆ.

ಇನ್ನೂ ಒಂದು ಸುತ್ತು ಹಿಗ್ಗುವುದಿದೆ, ಅದರ ಹಿಂದೆ ನೋವಿದೆ. ಮೈಕೆಲ್ ಸ್ಮಿಟ್, ರಸೆಲ್ ಸ್ಪಿಯರ್ಸ್, ನೈಲಾ ಬ್ರಾನ್ಸ್‌ಕೂಂಬ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ವಿಶ್ವವಿದ್ಯಾಲಯದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳದೇ. ‘ವಿದೇಶಿ ವಿದ್ಯಾರ್ಥಿ’ ಎಂಬುದು ಊರಿನಲ್ಲಿ ಯಾರಿಗೂ ಇದ್ದ ಗುರುತಲ್ಲ. ನೈಜೀರಿಯಾದವನಿಗೂ ವಿಯೆಟ್ನಾಮಿನವಳಿಗೂ ಹಾಡು, ಊಟ, ದೇವರು ಯಾವುದೂ ಒಂದಲ್ಲ. ಆದರೂ ಸ್ಥಳೀಯರು ತಮ್ಮನ್ನು ಹೊರಗಿಡುತ್ತಿದ್ದಾರೆ ಎಂದು ಯಾರಿಗೆ ಹೆಚ್ಚು ಅನ್ನಿಸಿತೋ ಅವರು ಈ ಹೊಸ ಗುರುತನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಂಡರು. ಹಾಗೆ ಹಿಡಿದುಕೊಂಡದ್ದು, ಹೊರಗಿಟ್ಟ ಭಾವನೆಯಿಂದ ಅವರ ಆತ್ಮಗೌರವಕ್ಕೆ ಬೀಳುತ್ತಿದ್ದ ಏಟನ್ನು ತಗ್ಗಿಸಿತು. ಗುಂಪು ಕಟ್ಟಿಕೊಳ್ಳುವವರನ್ನು ಬೈಯುವ ಮೊದಲು ಇದನ್ನು ನೆನೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಗಾಯದ ಮೇಲೆ ಕಟ್ಟಿದ ಬಟ್ಟೆಯನ್ನು ಕಂಡು ಇದೇಕೆ ಸುತ್ತಿಕೊಂಡೆ ಎಂದು ಕೇಳಬಾರದು.

ಭಾಷೆಯ ದಣಿವೂ ಇದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವನೂ ದಿನವಿಡೀ ಬೇರೆ ರಾಗದ, ಬೇರೆ ವೇಗದ ಇಂಗ್ಲಿಷನ್ನು ಗದ್ದಲದ ನಡುವೆ ಕೇಳಿ ಸಂಜೆಗೆ ಸೋತಿರುತ್ತಾನೆ. ಪಾಠ ಅರ್ಥವಾಗುತ್ತದೆ. ಹಾಸ್ಯ ಮಾತ್ರ ಅರೆಕ್ಷಣ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಮೇಜಿನ ಸುತ್ತ ಇದ್ದವರೆಲ್ಲ ನಕ್ಕು ಮುಂದಿನ ಮಾತಿಗೆ ಹೋಗಿರುತ್ತಾರೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡ 2012ರಲ್ಲಿ ಕಂಡದ್ದು ಇದು: ಹಾಸ್ಯದ ದೃಶ್ಯ ನೋಡಿ ಹೊಟ್ಟೆತುಂಬ ನಕ್ಕವರ ನೋವು ತಡೆಯುವ ಶಕ್ತಿ ಏರುತ್ತದೆ. ನಗುವಾಗ ಮಿದುಳಿನಲ್ಲಿ ಎಂಡಾರ್ಫಿನ್ ಒಸರುತ್ತದೆ, ಒಟ್ಟಿಗೆ ನಕ್ಕವರನ್ನು ಬೆಸೆಯುವುದೂ ಅದೇ ಎಂಬುದು ಅವರ ವಿವರಣೆ. ನಗು ತಡವಾದಲ್ಲಿ ಬೆಸುಗೆಯೂ ತಡ. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದಾಗ. ಸುತ್ತ ಇಂಗ್ಲಿಷೇ ಇರುವ ಊರಿನಲ್ಲಿ ಕನ್ನಡ ತನಗೊಂದು ಜಾಗ ಹುಡುಕಿಕೊಳ್ಳುವುದು ನನಗೆ ಸಹಜವಾಗಿ ಕಾಣುತ್ತದೆ. ಅದು ಎಲ್ಲರಿಗೂ ಕಾದಂಬರಿಯಾಗುವುದಿಲ್ಲ. ಹೆಚ್ಚಿನವರಿಗೆ ರಾತ್ರಿ ಹತ್ತು ಗಂಟೆಯ ಫೋನು, ಅಡುಗೆಮನೆಯ ಹರಟೆ.

ಇಷ್ಟು ಹೊತ್ತು ಬಂದವರ ಕಡೆಯಿಂದ ನೋಡಿದೆವು. ಸ್ಥಳೀಯ ಹುಡುಗನ ಕಡೆಯಿಂದಲೂ ನೋಡಬೇಕು. ಅವನಿಗೆ ಹೈಸ್ಕೂಲಿನ ಗೆಳೆಯರಿದ್ದಾರೆ, ಮನೆ ಮೂರು ಗಂಟೆಯ ದಾರಿಯಲ್ಲಿದೆ, ಸಂಜೆ ಕೆಲಸವಿದೆ. ಮನಸ್ಸಿನಲ್ಲಿ ಆಪ್ತರಿಗೆ ಇರುವ ಜಾಗ ಕಡಿಮೆ. ಡನ್‌ಬಾರ್ ಹೇಳುವಂತೆ ತೀರಾ ಹತ್ತಿರದವರು ಐವರು, ಆಮೇಲಿನ ಸುತ್ತು ಹದಿನೈದು. ಯಾರಿ ಸರಾಮಾಕಿ ಎಂಬ ಫಿನ್ಲೆಂಡಿನ ವಿಜ್ಞಾನಿ ಮತ್ತು ಅವರ ಜೊತೆಗಾರರು ಶಾಲೆ ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೊರಟ 24 ಬ್ರಿಟಿಷ್ ಹುಡುಗ ಹುಡುಗಿಯರ ಫೋನ್ ಕರೆಗಳನ್ನು 18 ತಿಂಗಳು ನೋಡಿದರು. ಮೊದಲನೆಯ ಆಪ್ತರಿಗೆ ಇಷ್ಟು, ಎರಡನೆಯವರಿಗೆ ಇಷ್ಟು ಎಂಬ ಹಂಚಿಕೆ ಪ್ರತಿಯೊಬ್ಬರದೂ ಹೆಬ್ಬೆಟ್ಟಿನ ಗುರುತಿನಂತೆ ಬೇರೆ. ಆಪ್ತರು ಬದಲಾದರೂ ಆ ಹಂಚಿಕೆ ಹೆಚ್ಚು ಬದಲಾಗಲಿಲ್ಲ. ಹೊಸಬರು ಬಂದರೆ ಹಳಬರೊಬ್ಬರು ಎದ್ದು ಜಾಗ ಬಿಡಬೇಕು. ಸ್ಥಳೀಯ ಹುಡುಗನ ಮನೆಯಲ್ಲಿ ಎಲೆಗಳೆಲ್ಲ ತುಂಬಿ ಪಂಕ್ತಿ ಕೂತಾಗಿದೆ. ಒಂದು ರಾತ್ರಿಯ ವಿಮಾನ ಪ್ರಯಾಣದಲ್ಲಿ ಪಂಕ್ತಿಯೇ ಖಾಲಿಯಾದವರು ಈ ನಾಲ್ವರು. ಅವರು ಒಬ್ಬರ ಪಕ್ಕ ಒಬ್ಬರು ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ಈ ಸ್ನೇಹಗಳು ಒಂದೇ ಬಗೆಯವಲ್ಲ ಎಂದು ಮೊದಲು ವಿಂಗಡಿಸಿ ತೋರಿದವರು ಸ್ಟೀಫನ್ ಬೋಕ್ನರ್. ಹವಾಯಿ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳನ್ನು ಮಾತಾಡಿಸಿ ಅವರು 1977ರಲ್ಲಿ ಬರೆದದ್ದರಲ್ಲಿ ಮೂರು ಬಳಗಗಳಿವೆ. ಒಂದು ಸ್ವದೇಶದವರದು, ಅಲ್ಲಿ ತನ್ನ ನಡೆನುಡಿಯಲ್ಲಿ ತಾನಾಗಿ ಬಾಳಬಹುದು. ಇನ್ನೊಂದು ಸ್ಥಳೀಯರದು, ಪಾಠ, ಭಾಷೆ, ಕಚೇರಿ ಕೆಲಸಕ್ಕೆ ಅದು ಒದಗುತ್ತದೆ. ಮೂರನೆಯದು ಬೇರೆ ಬೇರೆ ದೇಶದವರದು. ಆಟ, ಸುತ್ತಾಟ, ಕಾಲ ಕಳೆಯುವುದು ಅಲ್ಲಿ. ಎಲ್ಲಕ್ಕಿಂತ ಗಟ್ಟಿಯಾಗಿದ್ದದ್ದು ಮೊದಲನೆಯದೇ. ಈ ಮೂರು ಒಂದರ ಜಾಗವನ್ನು ಇನ್ನೊಂದು ಕಸಿಯುವುದಿಲ್ಲ, ಒಂದೊಂದರ ಕೆಲಸ ಬೇರೆ ಎಂಬುದು ನನ್ನ ಓದು. ತಂಗಿಗೆ ನಾನು ಹೇಳಿದ್ದೂ ಇದನ್ನೇ: ಮನೆಯ ಊಟ ಬಿಟ್ಟವನಿಗೆ ನಂಟರ ಮನೆ ಊಟ ತಾನಾಗಿ ಸಿಗುವುದಿಲ್ಲ ಕಣೆ.

ಸ್ಥಳೀಯರ ಬಳಗ ಬರೀ ಕೆಲಸಕ್ಕಷ್ಟೇ ಉಳಿದುಬಿಟ್ಟರೆ ಎರಡು ಕಡೆಗೂ ನಷ್ಟ ಎಂಬುದೂ ನಿಜ. ಅದನ್ನು ಬದಲಿಸಲು ಉಪದೇಶಕ್ಕಿಂತ ಕಟ್ಟಡ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನೂರು ವರ್ಷದ ಹಿಂದೆಯೇ ತಿಳಿದಿದ್ದವರು ನ್ಯೂಯಾರ್ಕಿನ ಹ್ಯಾರಿ ಎಡ್ಮಂಡ್ಸ್. 1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ ಒಬ್ಬ ಚೀನೀ ವಿದ್ಯಾರ್ಥಿಗೆ ಅವರು ಸುಮ್ಮನೆ ಗುಡ್ ಮಾರ್ನಿಂಗ್ ಹೇಳಿದರಂತೆ. ಆ ಹುಡುಗ ನಿಂತು, ನಾನು ಈ ಊರಿಗೆ ಬಂದು ಮೂರು ವಾರವಾಯಿತು, ನನ್ನನ್ನು ಮಾತಾಡಿಸಿದ ಮೊದಲಿಗರು ನೀವು ಎಂದನಂತೆ. ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿಗೆ ಹೇಳಿದರು; ಇಬ್ಬರೂ ವಿದೇಶಿ ವಿದ್ಯಾರ್ಥಿಗಳನ್ನು ಮನೆಗೆ ಕರೆಯತೊಡಗಿದರು. ಭಾನುವಾರದ ಆ ಊಟಗಳು ಬೆಳೆಯುತ್ತ ಹೋಗಿ, ಕೊನೆಗೆ ರಾಕ್‌ಫೆಲರ್ ಹಣದಲ್ಲಿ 1924ರಲ್ಲಿ ಇಂಟರ್‌ನ್ಯಾಷನಲ್ ಹೌಸ್ ತೆರೆಯಿತು. ಹಲವು ದೇಶದವರೂ ಅಮೆರಿಕದವರೂ ಒಂದೇ ಸೂರಿನಡಿ ಇರುವ ಮನೆ ಅದು. 1930ರಲ್ಲಿ ಬರ್ಕ್ಲಿಯಲ್ಲೂ ಅಂಥದ್ದೊಂದು ಎದ್ದಿತು.

ಬಾಗಿಲು ಹತ್ತಿರ ಮಾಡಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎಂದೂ ಅಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಥಿಯೊಡರ್ ನ್ಯೂಕೂಂಬ್ 1950ರ ದಶಕದಲ್ಲಿ ಪರಸ್ಪರ ಅಪರಿಚಿತರಾದ 17 ವಿದ್ಯಾರ್ಥಿಗಳನ್ನು ಬಾಡಿಗೆಯಿಲ್ಲದೆ ಒಂದು ಮನೆಯಲ್ಲಿ ಇರಿಸಿ, ಮರುವರ್ಷ ಇನ್ನೂ 17 ಜನರನ್ನು ಇರಿಸಿ, ವಾರವಾರ ನೋಡಿದ್ದರು. ಮೊದಲ ವಾರಗಳ ಸ್ನೇಹವನ್ನು ತೀರ್ಮಾನಿಸಿದ್ದು ಸಾಮೀಪ್ಯ. ತಿಂಗಳುಗಳು ಕಳೆದಂತೆ ಮೇಲೆ ಬಂದದ್ದು ಬದುಕಿನ ಬಗ್ಗೆ ಇದ್ದ ನಿಲುವುಗಳ ಹೊಂದಿಕೆ. ಆ ಅಡುಗೆಮನೆಯಲ್ಲೂ ಹಾಗೇ ಆಯಿತು. ಎರಡನೇ ವರ್ಷಕ್ಕೆ ಪುಣೆಯ ಹುಡುಗ, ಜಗಳವೇನೂ ಇಲ್ಲದೆ, ತನ್ನ ಲ್ಯಾಬಿನಲ್ಲಿದ್ದ ಇರಾನಿನ ಮತ್ತು ಬ್ರೆಜಿಲ್‌ನ ಇಬ್ಬರು ಗೆಳೆಯರ ಮನೆಗೆ ಹೋಗಿ ಸೇರಿಕೊಂಡ.

ಉಳಿದ ಮೂವರು ಬೇರೆ ಮನೆ ಹಿಡಿದರು. ಸೋದರಳಿಯ ಫೋನಿನಲ್ಲಿ ಹೇಳಿದ: “ಮಾವ, ನೀವು ಹೇಳಿದ್ರಲ್ಲ, ಈ ಸಲ ಕೆಳಗಡೆ, ಮೆಟ್ಟಿಲ ಪಕ್ಕಾನೇ ಸಿಕ್ತು. ಮೇಲ್ಗಡೆಯೋರು ಸೈಕಲ್ ನಿಲ್ಸೋದೂ ನಮ್ಮ ಬಾಗ್ಲಲ್ಲೇ.” ಮೊದಲ ವಾರವೇ ಒಗ್ಗರಣೆಗೆ ಅಲಾರ್ಮ್ ಕೂಗಿದೆ. ಬೆಂಕಿ ಬಿದ್ದಿದೆಯೆಂದು ಗಾಬರಿಯಾಗಿ ಮೇಲಿನ ಮನೆಯ ಹುಡುಗ, ನೆಬ್ರಾಸ್ಕಾದ ರೈತರ ಮನೆಯವನು, ಬರಿಗಾಲಲ್ಲಿ ಇಳಿದು ಬಂದಿದ್ದಾನೆ. ಬಂದವನಿಗೆ ಒಂದು ತಟ್ಟೆ ಹಾಕಿ ಕೊಟ್ಟಿದ್ದಾರೆ. ಅವರ ಮನೆಯಲ್ಲೂ ಜೋಳ ಬೆಳೆಯುತ್ತಾರಂತೆ, ಆದರೆ ಅದು ನಮ್ಮ ಮುಸುಕಿನ ಜೋಳ. ನಮ್ಮ ಬಿಳಿಜೋಳ ಹೇಗಿರುತ್ತದೆ, ಎಷ್ಟು ಮಳೆ ಬೇಕು ಎಂಬ ಮಾತೇ ಆ ರಾತ್ರಿ ಒಂದು ಗಂಟೆ ನಡೆಯಿತಂತೆ. ಈಗ ಅಲಾರ್ಮ್ ಕೂಗಿದಾಗ ಟವೆಲ್ ಬೀಸುವವನು ಹೆಚ್ಚಾಗಿ ಅವನೇ. ಆರಡಿ ಮೂರಂಗುಲದ ಆಳು, ಅವನಿಗೆ ಕುರ್ಚಿ ಬೇಕಾಗುವುದಿಲ್ಲ.